ಸ್ಟ್ರಟ್ ಬಾರ್ ಹಾಕಿದ್ರ ಗಾಡಿ ಸುಧಾರಿಸ್ತೈತೇನು?

ನಾವು ಐದು ಮಂದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಾಲೂಕಿಗೊಬ್ಬರು. ಹಾಸ್ಟೆಲಿನಲ್ಲಿ ನಮ್ಮನ್ನ ಹೆಸರು ಹಿಡಿದು ಕರೆಯೋರು ಕಡಿಮೆ, ಊರು ಹಿಡಿದೇ ಕರೀತಾರೆ. ಈ ಲೇಖನದಲ್ಲೂ ಹಾಗೇ ಇರಲಿ.

ನಿಪ್ಪಾಣಿಯ ಅಣ್ಣ ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ತಗೊಂಡ. ನಮ್ಮ ಕಡೆ ಸ್ಪೋರ್ಟ್ಸ್ ಕಾರ್ ಅಂದ್ರೆ ಇವೇ: 105 ಪಿಎಸ್‌ನ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ ಬಂದ 145 ಪಿಎಸ್‌ನ ಅಬಾರ್ತ್ ಪುಂಟೊ, ಅಂಥ ಗಾಡಿಗಳು. ಫೆರಾರಿ ನಾವು ಮೊಬೈಲಿನಲ್ಲಿ ಮಾತ್ರ ನೋಡಿದ್ದು. ಅಣ್ಣ ದಿನಾ ನಿಪ್ಪಾಣಿಯಿಂದ ಕಾಗಲ್ ಎಂಐಡಿಸಿಗೆ ಕೆಲಸಕ್ಕೆ ಹೋಗ್ತಾನೆ, ರವಿವಾರ ಚಿಕ್ಕೋಡಿ ದಾಟಿ ಅಥಣಿಗೆ ಅಕ್ಕನ ಮನೆಗೆ. ಸಿಕ್ಕಾಗ ತವಂದಿ ಘಾಟಿನ ತಿರುವುಗಳಲ್ಲಿ ಒಂದಿಷ್ಟು ಖುಷಿ.

ಹೋದ ವರ್ಷ ಅವನು ಬಾನೆಟ್ ಒಳಗೆ ಒಂದು ಕೆಂಪು ಸ್ಟ್ರಟ್ ಬಾರ್ ಹಾಕಿಸಿದ. ಈ ವರ್ಷ 25,000 ರೂಪಾಯಿ ಕೂಡಿಟ್ಟು, "ಈಗ ಅಡಿಯ ಬ್ರೇಸ್, ಎಂಜಿನ್ ಡ್ಯಾಂಪರ್ ಹಾಕಿಸೂದೈತಿ. ನೀವು ಎಂಜಿನಿಯರಿಂಗ್ ಓದಾವ್ರು, ಹೇಳ್ರಿ, ಹಾಕಿಸ್ಲ್ಯೋ ಬ್ಯಾಡೋ?" ಅಂತ ಕೇಳಿದ. ನಾವು ಐದೂ ಮಂದಿ ಐದು ಉತ್ತರ ಕೊಟ್ವಿ. ಒಬ್ಬನ ಹತ್ತಿರವೂ ಲೆಕ್ಕ ಇರಲಿಲ್ಲ. ನಾಚಿಕೆಯಾಗಿ ಪುಸ್ತಕ ತೆಗೆದ್ವಿ. ಅದರಿಂದ ಹುಟ್ಟಿದ್ದು ಈ ಲೇಖನ.

ಒಂದು ಮಾತು ಮೊದಲೇ. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಸ್ಟಿಫ್‌ನೆಸ್‌ಗೆ ಇಲ್ಲಿ 'ಬಿಗಿತ' ಅಂತ ಬಳಸಿದ್ದೇವೆ. ಎಷ್ಟು ಬಲ ಹಾಕಿದ್ರೆ ಎಷ್ಟು ಬಾಗುತ್ತೆ ಅನ್ನೋದೇ ಬಿಗಿತ. ಎಷ್ಟು ಬಲಕ್ಕೆ ಮುರಿಯುತ್ತೆ ಅನ್ನೋದು ಬೇರೆ, ಅದು ಸ್ಟ್ರೆಂತ್. ಇವೆರಡನ್ನ ಕಲಸಿದ್ರೆ ಮುಂದಿನದೆಲ್ಲ ಗೊಂದಲ ಆಗುತ್ತೆ.

ಚಪ್ಪಲಿ ಡಬ್ಬಿಯ ಪಾಠ

ಅಥಣಿಯವನ ಹತ್ತಿರ ಒಂದು ಚಪ್ಪಲಿ ಡಬ್ಬಿ ಇತ್ತು. ಇರಲೇಬೇಕಲ್ಲ, ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರದ್ದು ಮಾತ್ರ ಅಲ್ಲ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ.

ಮುಚ್ಚಳ ತೆಗೆದು ಡಬ್ಬಿಯ ಎರಡು ತುದಿ ಹಿಡಿದು ತಿರುಚಿ. ಬಟ್ಟೆ ಹಿಂಡಿದ ಹಾಗೆ ತಿರುಚುತ್ತೆ. ಈಗ ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿ ತಿರುಚಿ. ಅದೇ ರಟ್ಟು, ಆದ್ರೆ ಅಲ್ಲಾಡೋದೇ ಇಲ್ಲ. ಕಾರಿನ ಬಾಡಿಯೂ ಒಂದು ಡಬ್ಬಿ. ರೂಫ್, ಫ್ಲೋರ್, ಕಂಬಗಳು, ಅಂಟಿಸಿದ ಮುಂದಿನ ಗಾಜು, ಎಲ್ಲ ಸೇರಿ ಮುಚ್ಚಿದ ಡಬ್ಬಿ ಆಗುತ್ತೆ. ಅದಕ್ಕೇ ರೂಫ್ ಇಲ್ಲದ ಓಪನ್ ಕಾರು ಮಾಡುವಾಗ ಕಂಪನಿಗಳೇ ಅಡಿಯಲ್ಲಿ ಹೆಚ್ಚುವರಿ ಬ್ರೇಸ್ ಕೊಡಬೇಕಾಗುತ್ತೆ.

ಈಗ ಮುಖ್ಯ ಪರೀಕ್ಷೆ. ಮುಚ್ಚಳ ತೆಗೆದ ಡಬ್ಬಿಯ ಬಾಯಿಗೆ ಒಂದು ರಟ್ಟಿನ ಪಟ್ಟಿಯನ್ನ ಅಡ್ಡ, ಎಡದಿಂದ ಬಲಕ್ಕೆ ನೇರವಾಗಿ ಅಂಟಿಸಿ ತಿರುಚಿ. ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲ. ಅದೇ ಪಟ್ಟಿಯನ್ನ ಮೂಲೆಯಿಂದ ಮೂಲೆಗೆ ಓರೆಯಾಗಿ ಅಂಟಿಸಿ. ಕೈಗೆ ಆ ಕ್ಷಣವೇ ಗೊತ್ತಾಗುತ್ತೆ. ಕಾರಣ ಹೈಸ್ಕೂಲಿನದು: ನಾಲ್ಕು ಕಡ್ಡಿಯ ಚೌಕ ವಾಲುತ್ತೆ, ಮೂರು ಕಡ್ಡಿಯ ತ್ರಿಕೋನ ವಾಲಲ್ಲ.

ಬಜಾರಿನಲ್ಲಿ ಸಿಗೋ ಬಹಳಷ್ಟು ಸ್ಟ್ರಟ್ ಬಾರ್‌ಗಳು ಆ ಮೊದಲ, ನೇರ ಪಟ್ಟಿ. ಎಡ ಬಲ ಸ್ಟ್ರಟ್ ಟವರ್‌ಗಳ ನಡುವಿನ ಅಂತರ ಬದಲಾಗದಂತೆ ಅವು ತಡೆಯುತ್ತವೆ. ಎರಡೂ ಟವರ್ ಒಂದೇ ಕಡೆ ಒಟ್ಟಿಗೆ ವಾಲಿದ್ರೆ ಬಾರ್ ಜೊತೆಗೇ ವಾಲುತ್ತೆ. ಹಾಗೆ ಆಗಬಾರದು ಅಂತಲೇ ಕೆಲವು ಕಂಪನಿ ಕಾರುಗಳಲ್ಲಿ ಬ್ರೇಸ್ ಅನ್ನ ಹಿಂದಿನ ಫೈರ್‌ವಾಲ್‌ಗೂ ಕಟ್ಟಿ ತ್ರಿಕೋನ ಮಾಡಿರ್ತಾರೆ. ತುದಿಯಲ್ಲಿ ಒಂದೊಂದೇ ಬೋಲ್ಟಿನ ಮೇಲೆ ತಿರುಗೋ ಬಾರ್ ಇನ್ನೂ ದುರ್ಬಲ. ಎಳೆತ ನೂಕು ಬಿಟ್ರೆ ಅದು ಬೇರೇನೂ ತಡೆಯಲ್ಲ.

ಸರಪಳಿ ಮತ್ತು ರಬ್ಬರ್

ಇಷ್ಟಾದ್ರೂ ಬಿಗಿತ ಸ್ವಲ್ಪ ಹೆಚ್ಚಾಗುತ್ತಲ್ಲ, ಅದು ಒಳ್ಳೇದೇ ಅಲ್ವಾ? ಇದು ಕಾಗವಾಡದವನ ವಾದ. ಇದಕ್ಕೆ ಉತ್ತರ ರಾಯಬಾಗದವನ ಹೊಲದಲ್ಲಿ ಸಿಕ್ತು.

ಕೆಸರಿನಲ್ಲಿ ಸಿಕ್ಕ ಗಾಡಿ ಎಳೀಬೇಕು. ಅರ್ಧ ದೂರ ಕಬ್ಬಿಣದ ಸರಪಳಿ, ಅರ್ಧ ದೂರ ರಬ್ಬರ್ ಟ್ಯೂಬ್ ಕಟ್ಟಿ ಟ್ರ್ಯಾಕ್ಟರಿಗೆ ಸಿಗಿಸಿದ್ರಿ ಅಂದ್ಕೊಳ್ಳಿ. ಎಳೆದಾಗ ಉದ್ದ ಆಗೋದು ಯಾವುದು? ರಬ್ಬರ್. ಸರಪಳಿಯನ್ನ ಎರಡು ಪಟ್ಟು ದಪ್ಪ ಮಾಡಿದ್ರೂ ರಬ್ಬರ್ ಅಷ್ಟೇ ಚಾಚುತ್ತೆ. ಕಾರಿನಲ್ಲಿ ಬಾಡಿ ಆ ಸರಪಳಿ; ಸಸ್ಪೆನ್ಷನ್ ಸ್ಪ್ರಿಂಗ್, ಬುಷ್, ಟೈರ್ ಆ ರಬ್ಬರ್. ತಿರುವಿನಲ್ಲಿ ಬರೋ ಬಲ ಎಲ್ಲವನ್ನೂ ಒಂದಾದ ಮೇಲೊಂದು ಹಾಯ್ದು ಹೋಗುತ್ತೆ. ಇದನ್ನೇ ನಾವು ಸರಣಿಯಲ್ಲಿರೋ ಸ್ಪ್ರಿಂಗ್ ಅಂತ ಓದಿದ್ದು. ಎರಡು ಬಿಗಿತಗಳ ಗುಣಲಬ್ಧವನ್ನ ಅವುಗಳ ಮೊತ್ತದಿಂದ ಭಾಗಿಸಿದ್ರೆ ಒಟ್ಟು ಬಿಗಿತ.

ಅಂಕಿ ಹಾಕಿ ನೋಡೋಣ. ಇವು ಯಾವುದೇ ಒಂದು ಕಾರಿನವಲ್ಲ, ಲೆಕ್ಕಕ್ಕೆ ಹಿಡಿದವು. ಸಸ್ಪೆನ್ಷನ್ನಿನ ಓರೆಯಾಗೋ ಬಿಗಿತ ಡಿಗ್ರಿಗೆ 1,000 ನ್ಯೂಟನ್ ಮೀಟರ್, ಬಾಡಿಯ ತಿರುಚು ಬಿಗಿತ ಡಿಗ್ರಿಗೆ 15,000 ಇರಲಿ. ಒಟ್ಟು 937.5. ಈಗ ಬ್ರೇಸ್ ಹಾಕಿ ಬಾಡಿಯನ್ನ 10 ಶೇಕಡಾ ಬಿಗಿ ಮಾಡಿದ್ವಿ, 16,500 ಆಯ್ತು. ಒಟ್ಟು 942.9. ಹೆಚ್ಚಿದ್ದು ಬರೀ 0.6 ಶೇಕಡಾ! ಬಾಡಿಗೆ ಹತ್ತು ಕೊಟ್ವಿ, ಗಾಡಿಗೆ ಅರ್ಧ ಸಿಕ್ತು.

ಅದೇ ರೇಸ್ ಕಾರಿನಂತೆ ಸಸ್ಪೆನ್ಷನ್ ಗಟ್ಟಿ ಮಾಡಿ 5,000 ಇಟ್ರೆ, ಮೊದಲು 3,750, ಬ್ರೇಸ್ ಹಾಕಿದ ಮೇಲೆ 3,837. ಲಾಭ 2.3 ಶೇಕಡಾ. ಇನ್ನು ಸಸ್ಪೆನ್ಷನ್ 1,000 ಇಟ್ಟು, ಬಾಡಿಯೇ 3,000ದಷ್ಟು ಸಡಿಲ ಇರೋ ಹಳೇ ಓಪನ್ ಕಾರ್ ಹಿಡಿದ್ರೂ ಅಷ್ಟೇ, 750ರಿಂದ 767. ಅಂದ್ರೆ ಬ್ರೇಸ್‌ಗೆ ಅರ್ಥ ಬರೋದು ಎರಡೇ ಕಡೆ: ಸರಪಳಿಯೇ ಸವೆದಿದ್ದಾಗ, ಇಲ್ಲಾ ರಬ್ಬರ್ ತೆಗೆದು ಅಲ್ಲೂ ಸರಪಳಿ ಹಾಕಿದಾಗ. ರೂಫ್ ಇರೋ ಈಗಿನ ಹ್ಯಾಚ್‌ಬ್ಯಾಕ್, ಕಂಪನಿ ಸ್ಪ್ರಿಂಗ್, ರೋಡ್ ಟೈರ್: ಇದು ಎರಡರಲ್ಲೂ ಬರಲ್ಲ.

ಹಾಗಂತ ರೇಸ್ ಎಂಜಿನಿಯರ್‌ಗಳು ಚಾಸಿ ಬಿಗಿತಕ್ಕೆ ಯಾಕೆ ಬಡಿದಾಡ್ತಾರೆ? ಅವರು ಮುಂದಿನ ಆ್ಯಂಟಿ ರೋಲ್ ಬಾರ್ ಒಂದು ಹಂತ ಗಟ್ಟಿ ಮಾಡಿದ್ರೆ ಆ ಬದಲಾವಣೆ ಟೈರಿಗೆ ಮುಟ್ಟಬೇಕು, ನಡುವೆ ಚಾಸಿ ತಿರುಚಿ ಅದನ್ನ ನುಂಗಬಾರದು. ನಮ್ಮ ಕ್ಯಾಂಪಸ್ಸಿನ ಬಾಹಾ, ಫಾರ್ಮುಲಾ ತಂಡದವರು ಟ್ಯೂಬ್ ಫ್ರೇಮಿನಲ್ಲಿ ತ್ರಿಕೋನದ ಮೇಲೆ ತ್ರಿಕೋನ ಹಾಕೋದೂ ಇದಕ್ಕೇ.

ನಾವೇ ಅಳೆದಿದ್ದು

ಲೆಕ್ಕ ತೋರಿಸಿದ್ರೆ ಅಣ್ಣ ನಕ್ಕ. "ಪೇಪರ್ ಮ್ಯಾಲಿಂದು ಬಿಡ್ರಿ. ನನಗ ಸ್ಟೇರಿಂಗ್‌ನಾಗ ಗೊತ್ತಾಗ್ತೈತಿ." ಸರಿ, ಅಳೆಯೋಣ ಅಂತ ಹೊರಟ್ವಿ.

ಚಿಕ್ಕೋಡಿಯವನಿಗೆ ಪರಿಚಯದ ಲೇಥ್ ಅಂಗಡಿಯಿಂದ ಡಯಲ್ ಗೇಜ್ ಸಿಕ್ತು. ಅದರ ಒಂದು ಗೆರೆ ಅಂದ್ರೆ 0.01 ಮಿಲಿಮೀಟರ್. ಬಾರ್ ತೆಗೆದು, ಒಂದು ಟವರಿಗೆ ನೇರ ಅಲ್ಯೂಮಿನಿಯಂ ರಾಡ್ ಬಿಗಿದು, ಅದರ ಇನ್ನೊಂದು ತುದಿ ಎದುರು ಟವರಿನ ಮೇಲಿನ ಗೇಜಿಗೆ ತಾಗಿಸಿದ್ವಿ. ಆಮೇಲೆ ಮುಂದಿನ ಒಂದು ಮೂಲೆಯನ್ನ ಜ್ಯಾಕ್‌ನಿಂದ ಎತ್ತಿದ್ವಿ. ನೀವೂ ಮಾಡೋದಾದ್ರೆ ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮಾಡಿ. ಜ್ಯಾಕ್ ಮೇಲಿದ್ದಾಗ ಗಾಡಿ ಕೆಳಗೆ ಕೈ ಕೂಡ ಹಾಕಬೇಡಿ.

ಮುಳ್ಳು ಹಂದಿತು. ಅರ್ಧ ಮಿಲಿಮೀಟರ್‌ನ ಒಳಗೇ. ಬಾರ್ ಹಾಕಿ ಮತ್ತೆ ಎತ್ತಿದಾಗ ಇನ್ನೂ ಕಡಿಮೆ ಹಂದಿತು. ಅಣ್ಣ ಚಪ್ಪಾಳೆ ಹೊಡೆದ. ನಿಜ ಹೇಳಬೇಕು, ಬಾರ್ ಸುಳ್ಳಲ್ಲ, ತನ್ನ ಕೆಲಸ ಮಾಡ್ತಿತ್ತು. ಆದ್ರೆ ಆ ಕೆಲಸದ ಬೆಲೆ ಎಷ್ಟು? ಟವರ್ 0.5 ಮಿಲಿಮೀಟರ್ ಸರಿದ್ರೆ, 600 ಮಿಲಿಮೀಟರ್ ಎತ್ತರದ ಸ್ಟ್ರಟ್‌ಗೆ ಚಕ್ರದ ಓರೆ ಬದಲಾಗೋದು ಸುಮಾರು 0.05 ಡಿಗ್ರಿ. ಅಂದ್ರೆ 3 ಮಿನಿಟ್. ವ್ಹೀಲ್ ಅಲೈನ್‌ಮೆಂಟ್ ಶೀಟಿನಲ್ಲಿ ಇಷ್ಟು ಹೆಚ್ಚುಕಡಿಮೆ ಇದ್ರೆ ನಡೀತದೆ ಅಂತ ಕೊಟ್ಟಿರೋ ರಿಯಾಯಿತಿಯೇ ಇದರ ಹಲವು ಪಟ್ಟು ಇರುತ್ತೆ. ಅದೇ ಜಾಗದಲ್ಲಿ ಲೋವರ್ ಆರ್ಮ್ ಬುಷ್ ಒಂದನ್ನ ಸರಳಿನಿಂದ ಒತ್ತಿದ್ರೆ ಅದು ಕಣ್ಣಿಗೆ ಕಾಣೋ ಹಾಗೆ ಅಲ್ಲಾಡ್ತಿತ್ತು. ಆ ವಿಷಯಕ್ಕೆ ಆಮೇಲೆ ಬರ್ತೇವೆ.

ಎರಡನೇ ಪರೀಕ್ಷೆ ಕಣ್ಣು ಕಟ್ಟಿದ್ದು. ಊರ ಹೊರಗಿನ ಖಾಲಿ ಮೈದಾನದಲ್ಲಿ ಬಾಟಲಿ ಇಟ್ಟು ಹಾವಿನಂತೆ ಸುತ್ತೋ ದಾರಿ ಮಾಡಿದ್ವಿ. ಪ್ರತಿ ಸಲ ಅಣ್ಣನನ್ನ ದೂರ ನಿಲ್ಲಿಸಿ, ನಾಣ್ಯ ಹಾರಿಸಿ, ಬಾರ್ ಹಾಕಿಯೋ ತೆಗೆದೋ ಬಾನೆಟ್ ಮುಚ್ಚಿದ್ವಿ. ಆರು ಸುತ್ತು ಓಡಿಸಿ ಬಾರ್ ಇದೆಯೋ ಇಲ್ಲವೋ ಹೇಳಬೇಕು. ಮೂರು ಸರಿ, ಮೂರು ತಪ್ಪು! ನಾಣ್ಯಕ್ಕೆ ಕೇಳಿದ್ರೂ ಅಷ್ಟೇ ಸಿಗ್ತಿತ್ತು. ವೇಗ ಕಡಿಮೆ, ಸುತ್ತು ಆರೇ, ಇದನ್ನ ಸಾಬೀತು ಅನ್ನೋಕಾಗಲ್ಲ, ಒಪ್ಪಿದ್ವಿ. ಆದ್ರೆ ಕೆಂಪು ಬಾರ್ ಕಣ್ಣಿಗೆ ಕಂಡಾಗ ಕೈಗೂ ಗೊತ್ತಾಗುತ್ತೆ, ಕಾಣದಿದ್ರೆ ಗೊತ್ತಾಗಲ್ಲ ಅನ್ನೋದನ್ನ ಅಣ್ಣನೂ ಒಪ್ಪಿದ.

ಎಂಜಿನ್ ಡ್ಯಾಂಪರ್ ಕಥೆ

ಎಂಜಿನ್ ಬಾಡಿಗೆ ನೇರ ಬೋಲ್ಟ್ ಆಗಿರಲ್ಲ, ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತೆ. ಆ್ಯಕ್ಸಿಲರೇಟರ್ ಒತ್ತಿದಾಗ ಚಕ್ರ ಒಂದು ಕಡೆ ತಿರುಗಿದ್ರೆ ಎಂಜಿನ್ ಇನ್ನೊಂದು ಕಡೆ ವಾಲುತ್ತೆ. ಎಷ್ಟು ಬಲ? ಮುಂದಿನ ಚಕ್ರಗಳ ಮೇಲೆ 600 ಕೆಜಿ, ಘರ್ಷಣೆ 0.8, ಚಕ್ರದ ತ್ರಿಜ್ಯ 0.3 ಮೀಟರ್ ಹಿಡಿದ್ರೆ, ಟೈರ್ ಜಾರೋ ಮೊದಲು ಬರಬಹುದಾದ ಟಾರ್ಕ್ ಸುಮಾರು 1,400 ನ್ಯೂಟನ್ ಮೀಟರ್. ಅದನ್ನ ಹಿಡಿಯೋ ಕೆಳಗಿನ ಟಾರ್ಕ್ ರಾಡ್ ಎಂಜಿನ್ ವಾಲೋ ಅಕ್ಷದಿಂದ 0.3 ಮೀಟರ್ ದೂರ ಇದ್ರೆ ಅದರ ಮೇಲೆ ಹತ್ತಿರ ಹತ್ತಿರ ಐದು ಕ್ವಿಂಟಲ್ ಭಾರ. ಗ್ಯಾರೇಜಿನವರು ಅದಕ್ಕೆ ಡಾಗ್‌ಬೋನ್ ಅಂತಾರೆ, ಎಲುಬಿನ ಆಕಾರ.

ಎಂಜಿನ್ ಡ್ಯಾಂಪರ್ ಅಂದ್ರೆ ಎಂಜಿನ್ ಮತ್ತು ಬಾಡಿ ನಡುವೆ ಹಾಕೋ ಸಣ್ಣ ಶಾಕ್ ಅಬ್ಸಾರ್ಬರ್. ಅದು ವೇಗಕ್ಕೆ ಎದುರು ನಿಲ್ಲುತ್ತೆ, ಸ್ಥಾನಕ್ಕಲ್ಲ. ಅಂದ್ರೆ ಎಂಜಿನ್ ಎಷ್ಟು ವಾಲಬೇಕೋ ಅಷ್ಟು ವಾಲಿಯೇ ವಾಲುತ್ತೆ, ನಿಧಾನಕ್ಕೆ. ವಾಲಿದ ಮೇಲೆ ತೂಗಾಡೋದು ಕಡಿಮೆ ಆಗುತ್ತೆ. ಮ್ಯಾನ್ಯುಯಲ್ ಗೇರ್ ಕಾರಿನಲ್ಲಿ ಫಸ್ಟ್, ಸೆಕೆಂಡ್‌ನಲ್ಲಿ ಬರೋ ಜರ್ಕ್, ಚಕ್ರ ಟಕಟಕ ಜಿಗಿಯೋದು ಇದ್ರೆ ಅಲ್ಲಿ ಲಾಭ ಇದೆ. ಪವರ್ ಮಾತ್ರ ಒಂದು ಪಿಎಸ್ ಕೂಡ ಹೆಚ್ಚಾಗಲ್ಲ.

ನಷ್ಟ ಎಲ್ಲಿ? ವೈಬ್ರೇಷನ್ ಪೇಪರ್ ನಮಗಿನ್ನೂ ಬಂದಿಲ್ಲ, ಸೀನಿಯರ್ ಪುಸ್ತಕ ತಂದು ಓದಿದ್ವಿ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತೆ. ಐಡ್ಲಿಂಗ್ 800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 26.7 ಕಂಪನ. ಮೌಂಟ್ ಮೇಲೆ ಕೂತ ಎಂಜಿನ್ನಿನ ಸಹಜ ಕಂಪನ 10 ಹರ್ಟ್ಜ್ ಅಂದ್ಕೊಳ್ಳಿ. ಹೊರಗಿನ ಕಂಪನ ಸಹಜ ಕಂಪನದ 1.41 ಪಟ್ಟು ದಾಟಿದ್ರೆ ಮಾತ್ರ ಮೌಂಟ್ ಅದನ್ನ ತಡೆಯುತ್ತೆ. 26.7 ಅನ್ನೋದು 10ರ 2.67 ಪಟ್ಟು, ಆರಾಮ. ಈಗ ಗಟ್ಟಿ ಪಾಲಿಯುರೆಥೇನ್ ಹಾಕಿ ಬಿಗಿತ ನಾಲ್ಕು ಪಟ್ಟು ಮಾಡಿದ್ರೆ ಸಹಜ ಕಂಪನ ಎರಡು ಪಟ್ಟು, 20 ಹರ್ಟ್ಜ್. 26.7 ಈಗ ಅದರ 1.33 ಪಟ್ಟು. ಗಡಿ ದಾಟಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕನ್ನಡಿ, ಸೀಟು, ಹಲ್ಲು ಎಲ್ಲ ನಡುಗುತ್ತೆ. ಡ್ಯಾಂಪರ್‌ದೂ ಇದೇ ತಕರಾರು. ಆ 1.41ರ ಗಡಿ ದಾಟಿದ ಮೇಲೆ ಡ್ಯಾಂಪಿಂಗ್ ಹೆಚ್ಚಾದಷ್ಟೂ ಕಂಪನ ಬಾಡಿಗೆ ಹೆಚ್ಚು ದಾಟುತ್ತೆ. ಆ್ಯಕ್ಸಿಲರೇಟರ್ ಒತ್ತಿದಾಗ ಬಿಗಿ ಬೇಕು, ನಿಂತಾಗ ಮೆತ್ತಗಿರಬೇಕು, ಒಂದೇ ರಬ್ಬರಿಗೆ ಎರಡೂ ಕೇಳಿದ್ರೆ ಎಲ್ಲಿಂದ ತರುತ್ತೆ?

ಕಂಪನಿಗಳು ಈ ಗಂಟು ಬಿಡಿಸೋಕೆ ದುಡ್ಡು ಸುರಿದಿವೆ. ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟ್ ಸಣ್ಣ ನಡುಕಕ್ಕೆ ಮೆತ್ತಗೆ, ದೊಡ್ಡ ವಾಲಾಟಕ್ಕೆ ಗಟ್ಟಿಯಾಗಿ ವರ್ತಿಸುತ್ತೆ. ಪೋರ್ಷೆ 2009ರಲ್ಲಿ 911 ಜಿಟಿ3ಗೆ ಕೊಟ್ಟ ಮೌಂಟ್‌ನಲ್ಲಿ ಅಯಸ್ಕಾಂತ ಕ್ಷೇತ್ರಕ್ಕೆ ಗಟ್ಟಿಯಾಗೋ ದ್ರವವೇ ಇದೆ. ಯಮಹಾ ಇನ್ನೊಂದು ದಾರಿ ಹಿಡಿದು ಬಾಡಿಗೇ ಡ್ಯಾಂಪರ್ ಮಾಡಿತು, 2001ರಲ್ಲಿ ಟೊಯೊಟಾ ಕ್ರೌನ್‌ನಲ್ಲಿ ಅದು ಬಂತು. ಮಿಲಿಮೀಟರಿಗಿಂತ ಕಡಿಮೆ ಇರೋ ಬಾಡಿಯ ಅಲುಗಾಟವನ್ನ ಅದು ತಡೆಯಲ್ಲ, ತಣಿಸುತ್ತೆ. ಮಜ್ದಾ ಎಂಎಕ್ಸ್-5 1989ರಿಂದಲೇ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದು ಫ್ರೇಮ್ ಕಟ್ಟಿದೆ, ಎರಡೂ ಬೇರೆ ಬೇರೆ ವಾಲಬಾರದು ಅಂತ. ಬ್ರೇಸ್, ಡ್ಯಾಂಪರ್ ಅನ್ನೋದೇ ಮೋಸ ಅಲ್ಲ. ಗಾಡಿ ಡಿಸೈನ್ ಮಾಡೋವಾಗಲೇ ಜಾಗ ನೋಡಿ, ಅಳೆದು, ಹಾಕಿದ್ದಕ್ಕೂ ಆಮೇಲೆ ಸಿಕ್ಕ ಬೋಲ್ಟಿಗೆ ಸಿಗಿಸಿದ್ದಕ್ಕೂ ವ್ಯತ್ಯಾಸ ಇದೆ.

ಅಣ್ಣನ ಗಾಡಿಯ ಜರ್ಕ್ ಎಲ್ಲಿಂದ ಬರ್ತಿತ್ತು ಅಂತ ನೋಡಿದ್ರೆ, ಡಾಗ್‌ಬೋನಿನ ರಬ್ಬರ್ ಸೀಳಿತ್ತು. ಹರಿದ ರಬ್ಬರಿನ ಮೇಲೆ ಡ್ಯಾಂಪರ್ ಹಾಕೋದು ಅಂದ್ರೆ ಸವೆದ ಚಪ್ಪಲಿಗೆ ಪಾಲಿಶ್ ಹಾಕಿದ ಹಾಗೆ.

ಆ ರಾತ್ರಿ

ಇದನ್ನೆಲ್ಲ ನಾವು ಹೇಳಿದ ಮೇಲೂ ಅಣ್ಣ ಡ್ಯಾಂಪರ್ ಆರ್ಡರ್ ಮಾಡೋಕೆ ಹೊರಟಿದ್ದ. ಅವನನ್ನ ನಿಲ್ಲಿಸಿದ್ದು ನಮ್ಮ ಲೆಕ್ಕ ಅಲ್ಲ, ಕಬ್ಬಿನ ಟ್ರೇಲರ್.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಐದೂ ತಾಲೂಕಿನ ರಸ್ತೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ರಸ್ತೆಯ ಎರಡೂ ಬದಿ ಚಾಚಿದ ಕಬ್ಬು. ಎಷ್ಟೋ ಟ್ರೇಲರಿಗೆ ಹಿಂದಿನ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಒಂದು ರವಿವಾರ ರಾತ್ರಿ ಅಥಣಿಯಿಂದ ಬರ್ತಾ, ಚಿಕ್ಕೋಡಿಗೆ ಇನ್ನೂ ದೂರ ಇರುವಾಗ, ಅಂಥದ್ದೇ ಒಂದು ಟ್ರೇಲರ್ ಕತ್ತಲಲ್ಲಿ ದಾರಿ ನಡುವೆ ನಿಂತಿತ್ತು. ಸಣ್ಣ ಮಳೆ ಬಿದ್ದಿತ್ತು. ನಮ್ಮಲ್ಲಿ ಇಬ್ಬರು ಗಾಡಿಯಲ್ಲೇ ಇದ್ವಿ. ಅಣ್ಣ ಬ್ರೇಕ್ ಒತ್ತಿದ. ಪೆಡಲ್ ನಡುಗಿತು, ಗಾಡಿ ಜಾರ್ತಾ ಹೋಯ್ತು. ನಿಂತಾಗ ಕಬ್ಬಿನ ತುದಿ ಬಾನೆಟ್ ಮೇಲಿತ್ತು. ಆ ಬಾನೆಟ್ ಕೆಳಗೆ ಕೆಂಪು ಸ್ಟ್ರಟ್ ಬಾರ್.

ಯಾರೂ ಮಾತಾಡಲಿಲ್ಲ. ಕೆಳಗಿಳಿದು ಮೊಬೈಲ್ ಟಾರ್ಚ್ ಹಿಡಿದು ಟೈರ್ ನೋಡಿದ್ವಿ. ಸವೆತದ ಗುರುತಿಗೆ ಟ್ರೆಡ್ ಸಮ ಆಗಿತ್ತು. ಆ ಗುರುತು ಇರೋದು 1.6 ಮಿಲಿಮೀಟರಿಗೆ, ಕಾನೂನಿನ ಕೊನೇ ಗಡಿ.

ಹಾಸ್ಟೆಲಿಗೆ ಬಂದು ಹಾಕಿದ ಲೆಕ್ಕ ಇದು. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22.2 ಮೀಟರ್. ಘರ್ಷಣೆ 0.7 ಇದ್ರೆ ಬ್ರೇಕ್ ಹಿಡಿದ ಮೇಲೆ 36 ಮೀಟರಿನಲ್ಲಿ ನಿಲ್ಲುತ್ತೆ. ಒದ್ದೆ ರಸ್ತೆ, ಬೋಳು ಟೈರ್, 0.4 ಅಂದ್ರೆ 63 ಮೀಟರ್. ವ್ಯತ್ಯಾಸ 27 ಮೀಟರ್. ಯಾವ ಬ್ರೇಸ್ ಆ 27 ಮೀಟರ್ ಕೊಡುತ್ತೆ ಹೇಳಿ?

ಹಾಗಾದ್ರೆ ಯಾವ ಕ್ರಮ?

ನಮ್ಮ ಐದೂ ಮಂದಿ ಒಪ್ಪಿದ ಪಟ್ಟಿ ಇಷ್ಟು:

1. ಟೈರ್. ಟ್ರೆಡ್, ವಯಸ್ಸು, ಗಾಳಿ. ಗಾಳಿ ನೋಡೋಕೆ ದುಡ್ಡೂ ಬೇಡ.

2. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್. ಘಾಟ್ ಇಳಿಯೋರು ಇದನ್ನ ಮರೀಬಾರದು.

3. ಸವೆದ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್. ಹೊಸದಾಗಿ ಏನೂ ಸೇರಿಸದೆ, ಇದ್ದದ್ದನ್ನ ಇದ್ದಂತೆ ಮಾಡೋದು.

4. ವ್ಹೀಲ್ ಅಲೈನ್‌ಮೆಂಟ್.

5. ಇಷ್ಟಾದ ಮೇಲೂ ದುಡ್ಡು ಉಳಿದು, ಟ್ರ್ಯಾಕ್ ಡೇಗೆ ಹೋಗೋ ಆಸೆ ಇದ್ದು, ಗಟ್ಟಿ ಸ್ಪ್ರಿಂಗ್, ಒಳ್ಳೆ ಹಿಡಿತದ ಟೈರ್ ಹಾಕಿದ್ರೆ, ಆಗ ಬ್ರೇಸ್. ಅದೂ ತ್ರಿಕೋನ ಆಗೋ ಅಂಥದ್ದು, ಎರಡೂ ತುದಿ ಗಟ್ಟಿ ಇರೋದು.

ಬ್ರೇಸ್ ಹಾಕೋರಿಗೆ ಎರಡು ಎಚ್ಚರಿಕೆ. ಒಂದು, ಒಂದು ಬದಿ ಗುದ್ದಿದಾಗ ಬಾರ್ ಆ ಪೆಟ್ಟನ್ನ ಇನ್ನೊಂದು ಟವರಿಗೂ ದಾಟಿಸಬಹುದು. ಎರಡು, ಬಾಡಿಗೆ ತೂತು ಕೊರೆಯೋದು, ವೆಲ್ಡ್ ಮಾಡೋದು ಬೇಡವೇ ಬೇಡ. ಆರ್‌ಸಿಯಲ್ಲಿ ನಮೂದಾದ ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸ ಬರೋ ಬದಲಾವಣೆಯನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತೆ. ಬೋಲ್ಟ್ ಮೇಲೆ ಕೂರೋದಾದ್ರೂ ಮೊದಲು ಇನ್ಶೂರೆನ್ಸ್‌ನವರಿಗೆ ಒಂದು ಮಾತು ಕೇಳಿ.

ಅಣ್ಣನ 25,000ದಲ್ಲಿ ನಾಲ್ಕು ಟೈರ್, ಒಂದು ಡಾಗ್‌ಬೋನ್ ಮೌಂಟ್, ಎರಡು ಲೋವರ್ ಆರ್ಮ್ ಬುಷ್, ಅಲೈನ್‌ಮೆಂಟ್ ಆಯ್ತು. ಉಳಿದ ಚಿಲ್ಲರೆಯಲ್ಲಿ ಹೊಳೆಯೋ ಟೇಪಿನ ಒಂದು ಸುರುಳಿ ತಗೊಂಡ್ವಿ. ಮೊದಲು ಹಚ್ಚಿದ್ದು ರಾಯಬಾಗದವನ ಅಪ್ಪನ ಎರಡು ಟ್ರೇಲರಿನ ಹಿಂದೆ. ಆಮೇಲೆ ಓಣಿಯ ಬೇರೆ ಟ್ರೇಲರಿಗೆ. ಸುರುಳಿ ಮುಗಿದಿದೆ, ಇನ್ನೊಂದು ತರಬೇಕು. ನಿಮ್ಮ ಊರಿನಲ್ಲೂ ಕಬ್ಬು ಇದ್ರೆ ನೀವೂ ಒಂದು ತನ್ನಿ.

ಸ್ಟ್ರಟ್ ಬಾರ್ ಏನಾಯ್ತು ಅಂತೀರಾ? ಅದು ಇನ್ನೂ ಅಲ್ಲೇ ಐತಿ. "ಇರ್ಲಿ ಬಿಡ್ರಿ, ಬಾನೆಟ್ ತೆಗದ್ರ ಚಂದ ಕಾಣ್ತೈತಿ" ಅಂದ ಅಣ್ಣ. ಇದಕ್ಕೆ ಮಾತ್ರ ನಮ್ಮ ಹತ್ತಿರ ಎದುರು ಲೆಕ್ಕ ಇಲ್ಲ.